ಹಾಕದೆ ಬಿಟ್ಟ ಬ್ರ್ಯಾಕೆಟ್ಟು

ಎರಡು ವರ್ಷದ ಹಿಂದಿನ ಮಾತು. ಫೆಲೋಶಿಪ್ಪಿನ ಹಣ ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಬರುವುದಿಲ್ಲ ಎಂಬುದು ಯಾರಿಗೂ ತಿಳಿಯದ ಸಂಗತಿಯಾದ್ದರಿಂದ ಧಾರವಾಡದಲ್ಲಿ ಪಿಎಚ್.ಡಿ. ಮಾಡುವ ನನ್ನಂಥವರು ಬಹಳ ಜನ ಸಂಜೆ ಹೊತ್ತು ಯಾವುದಾದರೊಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತೇವೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಸುತ್ತಲಿನ ಐದಾರು ಜಿಲ್ಲೆಗಳಿಂದ ಮಕ್ಕಳು ಬಂದು ರೂಮು ಹಿಡಿದು ಓದುವ ಊರಿದು. ನನ್ನ ಸಂಶೋಧನೆ ತರ್ಕ ಮತ್ತು ಭಾಷೆಯ ತತ್ತ್ವಶಾಸ್ತ್ರದ್ದು. ಅದಕ್ಕೆ ಇಲ್ಲಿ ಗಿರಾಕಿಗಳಿಲ್ಲ. ಹಾಗಾಗಿ ನಾನು ಹೇಳುತ್ತಿದ್ದದ್ದು 'ಮೆಂಟಲ್ ಎಬಿಲಿಟಿ'.

ಆ ವರ್ಷ ನಾನು ಹೋಗುತ್ತಿದ್ದ ಸಂಸ್ಥೆಯವರು ಶುಲ್ಕವಿಲ್ಲದೆ ನಲವತ್ತು ಮಕ್ಕಳಿಗೆ ಸೀಟು ಕೊಡುವುದಾಗಿ ಪ್ರಕಟಿಸಿದರು. ಆಯ್ಕೆಗೆ ನೂರು ಅಂಕದ ಪರೀಕ್ಷೆ. ಅದರಲ್ಲಿ ಇಪ್ಪತ್ತೈದು ಪ್ರಶ್ನೆ ತೆಗೆಯುವ ಕೆಲಸ ನನಗೆ ಬಂತು. ತೆಗೆದ ಇಪ್ಪತ್ತೈದರಲ್ಲಿ ಒಂದು ಹೀಗಿತ್ತು:

24 ÷ 4(1 + 2) = ?

ಆಯ್ಕೆಗಳು 2, 8, 18, 36. ಸರಿಯುತ್ತರ 18 ಎಂದು ಕೀಲಿಯಲ್ಲಿ ಬರೆದೆ. ಮೊದಲು ಬ್ರ್ಯಾಕೆಟ್ಟಿನೊಳಗಿನದು ಮೂರು. ಆಮೇಲೆ ಭಾಗಾಕಾರ ಗುಣಾಕಾರಗಳು ಎಡದಿಂದ ಬಲಕ್ಕೆ: 24 ÷ 4 ಅಂದರೆ ಆರು, ಆರು ಮೂರಲೆ ಹದಿನೆಂಟು. 2 ಎಂಬ ಉತ್ತರವನ್ನು ಬೇಕೆಂದೇ ಇಟ್ಟಿದ್ದೆ. ನಾಲ್ಕು ಮೂರಲೆ ಹನ್ನೆರಡು ಎಂದು ಮೊದಲು ಗುಣಿಸಿಬಿಡುವ ಅವಸರದವರು ಅದರಲ್ಲಿ ಬೀಳಲಿ ಎಂದು. ಪ್ರಶ್ನೆ ತೆಗೆಯುವವರಿಗೆ ಇಂಥ ಬಲೆ ಒಡ್ಡುವುದರಲ್ಲಿ ಒಂದು ಸಣ್ಣ ಖುಷಿ ಇರುತ್ತದೆ. ಇಲ್ಲವೆಂದು ಸುಳ್ಳು ಹೇಳಲಾರೆ.

ಫಲಿತಾಂಶ ಬಂದ ಮೂರನೆಯ ದಿನ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪ್ರಶ್ನೆಪತ್ರಿಕೆ. ಕೊನೆಯ ಸೀಟು 71 ಅಂಕಕ್ಕೆ ನಿಂತಿತ್ತು, ಅವಳದು 70.

"ಮೇಡಂ, ಇದು ಒಂದ್ ಕೇಳೂದಿತ್ರಿ. ಇದ್ರಾಗ ನಂದು ಹೆಂಗ್ ತಪ್ಪಾಕ್ಕೈತ್ರಿ?"

ನಾನು ಇದನ್ನು ನಿರೀಕ್ಷಿಸಿದ್ದೆ. "ನೋಡವಾ, ಬೋಡ್‌ಮಾಸ್ ಕಲ್ತಿಲ್ಲೇನು?" ಎಂದು ಶುರು ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಪತ್ರಿಕೆಯ ಹಿಂಭಾಗದಲ್ಲಿ ಏನೋ ಬರೆದು ನನ್ನ ಮುಂದೆ ಹಿಡಿದಳು: 24 ÷ 4ಕ್ಷ. (ಅವಳು ಬರೆದದ್ದು ಇಂಗ್ಲಿಷಿನ ಎಕ್ಸ್. ಎಕ್ಸ್-ರೇಯನ್ನು ಕ್ಷ-ಕಿರಣ ಮಾಡಿಕೊಂಡಿರುವ ನಮಗೆ ಇಲ್ಲೂ 'ಕ್ಷ' ನಡೆದೀತು.)

"ಎಕ್ಸ್ ಮೂರು ಆದ್ರ ಇದು ಎಷ್ಟ್ರಿ, ಮೇಡಂ?"

"ಎರಡು" ಅಂದೆ.

ಅಂದ ಮೇಲೆ ಗೊತ್ತಾಯಿತು. ಯೋಚಿಸಿ ಹೇಳಿದ ಉತ್ತರವಲ್ಲ ಅದು, ಬಾಯಿಂದ ತಾನೇ ಬಂದದ್ದು. 4ಕ್ಷ ಎಂಬುದನ್ನು ನನ್ನ ಕಣ್ಣು ಒಂದೇ ವಸ್ತುವಾಗಿ ಕಂಡಿತ್ತು. ಹೈಸ್ಕೂಲಿನಿಂದ ಈವರೆಗೆ ಎಷ್ಟು ಬೀಜಗಣಿತ ಮಾಡಿದ್ದೇನೋ ಅಷ್ಟರಲ್ಲೂ ಹಾಗೆಯೇ ಕಂಡಿದೆ. 12ಕ್ಷ ÷ 3ಕ್ಷ ಎಷ್ಟು ಎಂದರೆ ನಾಲ್ಕು ಎನ್ನುತ್ತೇವೆ. ಎಡದಿಂದ ಬಲಕ್ಕೆ ಎಂಬ ನಿಯಮವನ್ನು ಅಕ್ಷರಶಃ ಹಿಡಿದರೆ ಅದು ನಾಲ್ಕು ಕ್ಷ ವರ್ಗವಾಗಬೇಕು. ಹಾಗೆ ಬರೆದ ಒಂದೇ ಒಂದು ಪಠ್ಯಪುಸ್ತಕವನ್ನು ನಾನು ನೋಡಿಲ್ಲ.

"ನಾನೂ ಅದನ್ನ ಬರ್ದೀನ್ರಿ" ಅಂದಳು. ಜಗಳದ ದನಿಯಲ್ಲ. ಕ್ಷಮೆ ಕೇಳುವವರ ದನಿ ಇರುತ್ತದಲ್ಲ, ಹಾಗೆ.

ನೋಡಿ ಹೇಳುತ್ತೇನೆ, ಎರಡು ದಿನ ಬಿಟ್ಟು ಬಾ ಎಂದು ಕಳಿಸಿದೆ. ಆ ಎರಡು ದಿನ ನನ್ನ ಪ್ರಬಂಧದ ಕೆಲಸ ಬಿಟ್ಟು ಇದನ್ನೇ ಓದಿದೆ. ನನ್ನ ಪರವಾದ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ ಎಂದರೆ ಇನ್ನೂ ಸರಿ.

ಸಿಕ್ಕಿದ್ದು ಬೇರೆ. ಅಮೆರಿಕದ ಗಣಿತಜ್ಞ ಎನ್. ಜೆ. ಲೆನ್ಸ್ 1917ರಲ್ಲೇ 'ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿ'ಯಲ್ಲಿ ಈ ತಕರಾರು ಎತ್ತಿದ್ದರು: ಪಠ್ಯಪುಸ್ತಕಗಳು ಗುಣಾಕಾರ ಭಾಗಾಕಾರಗಳನ್ನು ಎಡದಿಂದ ಬಲಕ್ಕೆ ಮಾಡಿ ಎಂದು ನಿಯಮ ಹೇಳುತ್ತವೆ, ಆದರೆ ಬೀಜಗಣಿತ ಬರೆಯುವಾಗ ಆ ಪುಸ್ತಕ ಬರೆದವರೇ ಅದನ್ನು ಪಾಲಿಸುವುದಿಲ್ಲ, ಪಕ್ಕಪಕ್ಕ ಬರೆದದ್ದನ್ನು ಒಂದೇ ಪದವೆಂದು ಓದುತ್ತಾರೆ ಎಂದು. ಹತ್ತು ವರ್ಷದ ನಂತರ ಗಣಿತ ಸಂಕೇತಗಳ ಇತಿಹಾಸ ಬರೆದ ಫ್ಲೋರಿಯನ್ ಕಜೋರಿ ಕೂಡ ಈ ಎರಡು ಚಿಹ್ನೆಗಳು ಒಟ್ಟಿಗೆ ಬಂದಾಗ ಯಾವುದು ಮೊದಲು ಎಂಬ ಬಗ್ಗೆ ಒಮ್ಮತವಿಲ್ಲ ಎಂದೇ ಬರೆದಿದ್ದಾನೆ. ಭೌತಶಾಸ್ತ್ರಜ್ಞರ 'ಫಿಸಿಕಲ್ ರಿವ್ಯೂ' ಪತ್ರಿಕೆಗಳ ಶೈಲಿ ಕೈಪಿಡಿಯಂತೂ ಓರೆಗೆರೆಯ ಭಾಗಾಕಾರಕ್ಕಿಂತ ಗುಣಾಕಾರವೇ ಮೊದಲು ಎಂದು ಹೇಳುತ್ತದೆ. ಕ್ಯಾಲ್ಕ್ಯುಲೇಟರುಗಳ ಕಥೆ ಇನ್ನೂ ಸ್ವಾರಸ್ಯದ್ದು: ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಒಂದೇ ಕಂಪನಿಯ ಟಿಐ-82 ಮಾದರಿ ಪಕ್ಕಪಕ್ಕದ ಗುಣಾಕಾರವನ್ನು ಮೊದಲು ಮಾಡಿದರೆ, ಅದರ ಬೆನ್ನಿಗೆ ಬಂದ ಟಿಐ-83 ಹಾಗೆ ಮಾಡುವುದಿಲ್ಲ. ನನ್ನ ಪ್ರಶ್ನೆಯನ್ನು ಒಂದಕ್ಕೆ ಕೊಟ್ಟರೆ 2, ಇನ್ನೊಂದಕ್ಕೆ ಕೊಟ್ಟರೆ 18.

2019ರ ಬೇಸಿಗೆಯಲ್ಲಿ 8 ÷ 2(2 + 2) ಎಂಬ ಇಂಥದ್ದೇ ಒಂದು ಲೆಕ್ಕ ಜಗತ್ತಿನಾದ್ಯಂತ ಜಗಳ ಹಚ್ಚಿತ್ತು. ಕೆಲವರಿಗೆ 16, ಕೆಲವರಿಗೆ 1. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞ ಸ್ಟೀವನ್ ಸ್ಟ್ರೋಗಾಟ್ಜ್ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಅದರ ಬಗ್ಗೆ ಬರೆಯಬೇಕಾಯಿತು. ಆಗ ನಾನೂ ಗೆಳತಿಯರ ಜೊತೆ 16ರ ಪಕ್ಷ ಹಿಡಿದು ವಾದ ಮಾಡಿ ನಕ್ಕಿದ್ದೆ. ಯಾರಿಗೂ ಏನೂ ನಷ್ಟವಿರಲಿಲ್ಲ.

ಆ ಎರಡು ಚುಕ್ಕೆಗಳ ನಡುವಿನ ಗೆರೆ, ÷, ಅದೂ ಅಂಥ ಸಾಚಾ ಚಿಹ್ನೆಯೇನಲ್ಲ. ಯೋಹಾನ್ ರಾನ್ ಎಂಬ ಸ್ವಿಸ್ ಗಣಿತಜ್ಞ 1659ರ ತನ್ನ ಬೀಜಗಣಿತದ ಪುಸ್ತಕದಲ್ಲಿ ಅದನ್ನು ಭಾಗಾಕಾರಕ್ಕೆ ಬಳಸಿದ. ಇಂಗ್ಲಿಷರು ಅದನ್ನು ಹಿಡಿದುಕೊಂಡರು, ಅವರ ಮೂಲಕ ನಮಗೆ ಬಂತು. ಡೆನ್ಮಾರ್ಕ್, ನಾರ್ವೆಗಳಲ್ಲಿ ಅದೇ ಚಿಹ್ನೆಯನ್ನು ಬಹುಕಾಲ ಕಳೆಯುವುದಕ್ಕೆ ಬಳಸುತ್ತಿದ್ದರು. ಇಂದಿನ ಅಂತಾರಾಷ್ಟ್ರೀಯ ಮಾನಕ ಅದನ್ನು ಭಾಗಾಕಾರಕ್ಕೆ ಬಳಸಬೇಡಿ ಎಂದೇ ಹೇಳುತ್ತದೆ. ಪ್ರೈಮರಿ ಶಾಲೆ ದಾಟಿದ ಮೇಲೆ ಗಣಿತದವರು ಅದನ್ನು ಮುಟ್ಟುವುದೂ ಇಲ್ಲ. ಮೇಲೊಂದು ಕೆಳಗೊಂದು ಇಟ್ಟು ನಡುವೆ ಅಡ್ಡಗೆರೆ ಎಳೆದರೆ ಎಲ್ಲಿ ಶುರು ಎಲ್ಲಿ ಮುಗಿತಾಯ ಎಂಬುದು ಕಣ್ಣಿಗೇ ಕಾಣುತ್ತದೆ.

ಇದೆಲ್ಲ ಪರದೇಶದ ಮಾತಾಯಿತು. ನನ್ನನ್ನು ನಿಜಕ್ಕೂ ಕೂರಿಸಿಬಿಟ್ಟದ್ದು ನಮ್ಮದೇ ಬೋಡ್‌ಮಾಸ್. ಅದರ ಎರಡನೆಯ ಅಕ್ಷರ 'ಓ' ಏನೆಂದು ಇಂಗ್ಲೆಂಡಿನ ಮಕ್ಕಳನ್ನು ಕೇಳಿದರೆ ಹಲವರು 'ಆರ್ಡರ್ಸ್', ಅಂದರೆ ಘಾತ ಎಂದಾರು. ನಮ್ಮ ಅಂಕಗಣಿತದ ಪುಸ್ತಕಗಳಲ್ಲಿ ಅದು 'ಆಫ್'. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ಷಷ್ಠೀ ವಿಭಕ್ತಿಯ 'ರ'. 12 ÷ 6ರ ½ ಎಂದು ಕೊಟ್ಟರೆ ಮೊದಲು ಆರರ ಅರ್ಧ ಮೂರು, ಆಮೇಲೆ ಹನ್ನೆರಡನ್ನು ಮೂರರಿಂದ ಭಾಗಿಸಿ ನಾಲ್ಕು. ಅದೇ 'ರ' ತೆಗೆದು ಗುಣಾಕಾರದ ಚಿಹ್ನೆ ಹಾಕಿ, 12 ÷ 6 × ½ ಮಾಡಿದರೆ ಉತ್ತರ ಒಂದು. 'ರ' ಎಂದರೂ ಗುಣಾಕಾರವೇ, × ಎಂದರೂ ಗುಣಾಕಾರವೇ. ಆದರೆ ಒಂದು ಭಾಗಾಕಾರಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಇನ್ನೊಂದು ಇಲ್ಲ. ಅಂದರೆ ಗುಣಾಕಾರ ಎರಡು ಬಗೆಯದು ಎಂದು ನಮ್ಮ ಐದನೆಯ ಆರನೆಯ ತರಗತಿಯಲ್ಲೇ ಒಪ್ಪಿಕೊಂಡಾಗಿದೆ! ಹಾಗಾದರೆ ಚಿಹ್ನೆಯೇ ಇಲ್ಲದೆ ಬ್ರ್ಯಾಕೆಟ್ಟಿಗೆ ಅಂಟಿಕೊಂಡ ನಾಲ್ಕು ಯಾವ ಬಗೆಯದು? 'ನಾಲ್ಕರ' ಮೂರೋ, 'ನಾಲ್ಕು ಇಂಟು' ಮೂರೋ? ಹಳ್ಳಿ ಶಾಲೆಯ ಮಾಸ್ತರರೊಬ್ಬರು ಅದನ್ನು 'ರ' ಎಂದು ಓದಿಸಿದ್ದರೆ ಅವರೂ ಬೋಡ್‌ಮಾಸ್ ಪ್ರಕಾರವೇ ಓದಿಸಿದರು. ಯಾವ ನಿಯಮದ ಮೇಲೆ ನಿಂತು ಆ ಹುಡುಗಿಯನ್ನು ತಪ್ಪು ಎಂದಿದ್ದೆನೋ ಆ ನಿಯಮ ಅವಳ ಕಡೆಗೂ ಅಷ್ಟೇ ವಾಲುತ್ತಿತ್ತು.

ಇನ್ನೊಂದು ತಮಾಷೆ ಇದೆ. ಬೋಡ್‌ಮಾಸ್‌ನಲ್ಲಿ ಕೂಡುವುದು ಕಳೆಯುವುದಕ್ಕಿಂತ ಮೊದಲು ಬರುತ್ತದೆ. ಅದನ್ನೇ ನಂಬಿ 10 − 3 + 2 ಮಾಡಿದ ಮಗು ಮೂರಕ್ಕೆ ಎರಡು ಕೂಡಿ, ಹತ್ತರಲ್ಲಿ ಐದು ಕಳೆದು, ಐದು ಎಂದು ಬರೆಯುತ್ತದೆ. ಉತ್ತರ ಒಂಬತ್ತು. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೇ ಪೆಟ್ಟು ತಿನ್ನುವ ಮಗು ಅದು. ನಿಯಮವನ್ನು ಹೇಗೆ ಓದಬೇಕು ಎಂಬ ಇನ್ನೊಂದು ನಿಯಮ ಅದಕ್ಕೆ ಗೊತ್ತಿರಲಿಲ್ಲ, ಅಷ್ಟೆ. ಆ ಎರಡನೆಯ ನಿಯಮವನ್ನು ಓದಲು ಮೂರನೆಯದು ಬೇಕಾದರೆ? ವಿಟ್‌ಗೆನ್‌ಸ್ಟೈನ್ ತನ್ನ ಕೊನೆಗಾಲದ ಬರಹಗಳಲ್ಲಿ ಮತ್ತೆ ಮತ್ತೆ ತಡಕಾಡಿದ್ದು ಇದನ್ನೇ. ನಿಯಮಕ್ಕೆ ತನ್ನನ್ನು ತಾನೇ ಓದಿಕೊಳ್ಳುವ ಶಕ್ತಿಯಿಲ್ಲ. ಕೊನೆಗೆ ಎಲ್ಲೋ ಒಂದು ಕಡೆ 'ನಾವು ಹೀಗೆ ಮಾಡುತ್ತೇವೆ' ಎಂಬ ರೂಢಿಯೇ ಅದಕ್ಕೆ ಆಧಾರ. ಇದನ್ನು ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಮೂವತ್ತು ಪುಟ ಬರೆದಿದ್ದೇನೆ. ಆದರೂ ಪ್ರಶ್ನೆಪತ್ರಿಕೆ ತೆಗೆಯುವಾಗ 'ನಾವು' ಅಂದರೆ ಯಾರು ಎಂದು ಕೇಳಿಕೊಳ್ಳಲಿಲ್ಲ.

ಪಾಣಿನಿಗೂ ಈ ಕಷ್ಟ ತಪ್ಪಿದ್ದಲ್ಲ. ಅಷ್ಟಾಧ್ಯಾಯಿಯಲ್ಲಿ ಸುಮಾರು ನಾಲ್ಕು ಸಾವಿರ ಸೂತ್ರಗಳು. ಒಂದು ರೂಪ ಸಿದ್ಧವಾಗುವ ಹಾದಿಯಲ್ಲಿ ಏಕಕಾಲಕ್ಕೆ ಎರಡು ಸೂತ್ರಗಳು ಅನ್ವಯಿಸಬಹುದು. ಯಾವುದನ್ನು ಮೊದಲು ಮಾಡಬೇಕು? ಇದೂ ಲೆಕ್ಕದಲ್ಲಿ ಯಾವುದು ಮೊದಲು ಎಂಬ ನಮ್ಮ ಪ್ರಶ್ನೆಯೇ. ಪಾಣಿನಿ ಅದನ್ನು ಮುಂಗಂಡು ಒಂದನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಒಂದು ಸೂತ್ರ ಇಟ್ಟ: ಇಂಥ ಘರ್ಷಣೆ ಬಂದಾಗ 'ಪರ'ವಾದದ್ದು ನಡೆಯಲಿ. ಮುಗಿಯಿತು ಅನ್ನುವಿರಾ? 'ಪರ' ಎಂದರೇನು? ಗ್ರಂಥದ ಕ್ರಮದಲ್ಲಿ ಮುಂದೆ ಬರುವ ಸೂತ್ರ ಎಂದು ಪರಂಪರೆ ಅರ್ಥ ಮಾಡಿತು. ಹಾಗೆ ಮಾಡಿದಾಗ ಎಷ್ಟೋ ಕಡೆ ತಪ್ಪು ರೂಪ ಬಂದು, ಸರಿಪಡಿಸಲು ಪರಿಭಾಷೆಗಳ ಮೇಲೆ ಪರಿಭಾಷೆ ಬೇಕಾದವು. ಪತಂಜಲಿ ಒಂದು ಕಡೆ 'ಪರ' ಎಂದರೆ ಇಷ್ಟವಾದದ್ದು ಎಂಬ ಅರ್ಥವನ್ನೂ ಹಿಡಿಯುತ್ತಾನೆ. 2022ರಲ್ಲಿ ಕೇಂಬ್ರಿಜ್‌ನಲ್ಲಿ ಋಷಿ ರಾಜಪೋಪಟ್ ಎಂಬ ಸಂಶೋಧಕರು, ಅದು ಗ್ರಂಥದಲ್ಲಿ ಮುಂದಿನದಲ್ಲ, ಪದದಲ್ಲಿ ಬಲಗಡೆಯದು, ಬಲಗಡೆಯ ಭಾಗಕ್ಕೆ ಅನ್ವಯಿಸುವ ಸೂತ್ರ ಗೆಲ್ಲಬೇಕು ಎಂದು ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಾದಿಸಿದರು. ವಿದ್ವಾಂಸರಲ್ಲಿ ಅನೇಕರು ಅದನ್ನು ಒಪ್ಪಿಲ್ಲ. ಒಪ್ಪಲಿ ಬಿಡಲಿ, ಅಷ್ಟು ಬಿಗಿಯಾಗಿ ಮಾತು ಕಟ್ಟಿದವನ, ಗೊಂದಲ ತೀರಿಸಲೆಂದೇ ಇಟ್ಟ ಸೂತ್ರದ ಒಂದು ಪದ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಗೊಂದಲದಲ್ಲೇ ಇದೆ. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು. ಆ ಸಮಾಧಾನ ಅಲ್ಲಿಗೆ ಸಲ್ಲುವಂಥದ್ದಲ್ಲ ಎಂದು ಆಮೇಲೆ ಹೊಳೆಯಿತು.

ಏಕೆಂದರೆ ಭಾಷೆಯಲ್ಲಿ ಎರಡರ್ಥ ಇರುವುದು ಸಹಜ, ಅದಕ್ಕೆ ಯಾರನ್ನು ದೂರುವುದು ಎಂಬ ವಾದವೊಂದು ಸದಾ ಕೈಗೆ ಸಿಗುವಂತಿರುತ್ತದೆ. 'ಹಳೆಯ ಪುಸ್ತಕದ ಅಂಗಡಿ' ಎನ್ನುತ್ತೇವೆ. ಹಳೆಯದು ಪುಸ್ತಕವೋ ಅಂಗಡಿಯೋ? ಬರೆದಾಗ ಬ್ರ್ಯಾಕೆಟ್ ಹಾಕುವುದಿಲ್ಲ, ಹಾಕಿದರೆ ಓದಲಾಗುವುದಿಲ್ಲ. ನಮ್ಮ ಕಾವ್ಯಮೀಮಾಂಸೆಯಂತೂ ಪದವನ್ನು ಎರಡು ಬಗೆಯಲ್ಲಿ ಒಡೆದು ಎರಡರ್ಥ ಬರಿಸುವುದನ್ನು ಸಭಂಗ ಶ್ಲೇಷವೆಂದು ಹೆಸರಿಟ್ಟು ಅಲಂಕಾರದ ಪಟ್ಟಿಗೆ ಸೇರಿಸಿದೆ. ಹಳೆಯ ಪುಸ್ತಕದ ಅಂಗಡಿ ಎಲ್ಲಿದೆ ಎಂದು ನೀವು ಕೇಳಿದರೆ ನಾನು "ಯಾವುದು, ಹಳೇ ಪುಸ್ತಕ ಮಾರ್ತಾರಲ್ಲ ಅದಾ?" ಎಂದು ತಿರುಗಿ ಕೇಳುತ್ತೇನೆ. ಅಲ್ಲಿಗೆ ಮುಗಿಯುತ್ತದೆ. ದಿನಕ್ಕೆ ನೂರು ಸಲ ಹೀಗೆ ಮುಗಿಸುತ್ತಲೇ ಬದುಕುತ್ತೇವೆ.

ಪರೀಕ್ಷೆಯಲ್ಲಿ ತಿರುಗಿ ಕೇಳುವಂತಿಲ್ಲ. ಕೈ ಎತ್ತಿದರೆ ಮೇಲ್ವಿಚಾರಕರು "ಕೊಟ್ಟಿದ್ದನ್ನ ಬರಿ" ಎನ್ನುತ್ತಾರೆ. ನಾನೂ ಹಾಗೇ ಎಂದಿದ್ದೇನೆ. ಒಂದು ಅರ್ಜಿ ನಮೂನೆಯಲ್ಲಿ 'ವಿಧವೆಯರು ಅಥವಾ ಅಂಗವಿಕಲರು ಮತ್ತು ಬಡತನದ ರೇಖೆಗಿಂತ ಕೆಳಗಿರುವವರು ಅರ್ಹರು' ಎಂದು ಇದೆಯೆಂದುಕೊಳ್ಳಿ. ಬಡತನದ ಷರತ್ತು ಇಬ್ಬರಿಗೂ ಇದೆಯೋ, ಎರಡನೆಯವರಿಗೆ ಮಾತ್ರವೋ? ತರ್ಕಶಾಸ್ತ್ರದ ರೂಢಿಯಲ್ಲಿ 'ಮತ್ತು' ಎಂಬುದು 'ಅಥವಾ'ಕ್ಕಿಂತ ಬಿಗಿ, ಗುಣಾಕಾರ ಸಂಕಲನಕ್ಕಿಂತ ಬಿಗಿಯಾದ ಹಾಗೆ. ಆ ರೂಢಿ ನನಗೆ ಗೊತ್ತು. ಕೌಂಟರಿನ ಹಿಂದೆ ಕೂತವರಿಗೆ ಗೊತ್ತಿರಬೇಕಿಲ್ಲ, ಮುಂದೆ ನಿಂತ ಹೆಂಗಸಿಗೆ ಗೊತ್ತಿರುವ ಸಂಭವವೇ ಇಲ್ಲ. ಅರ್ಥ ನಿರ್ಧಾರವಾಗುವುದು ಕೌಂಟರಿನ ಹಿಂದೆ. ಅವಳಿಗೆ ತಿಳಿಯುವುದು ಅರ್ಜಿ ತಿರಸ್ಕೃತವಾದ ಮೇಲೆ.

ಹಾಗಾಗಿ ನನಗೀಗ ಅನಿಸುವುದು ಇಷ್ಟು. ಎರಡರ್ಥ ತಾನಾಗಿಯೇ ಅನ್ಯಾಯವಲ್ಲ. ಓದುವವರಿಗೆ ತಿರುಗಿ ಕೇಳುವ ಹಕ್ಕಿಲ್ಲದ ಕಡೆ, ಬರೆದವರ ಕೈಯಲ್ಲೇ ಸರಿತಪ್ಪಿನ ಕೀಲಿಯೂ ಇರುವ ಕಡೆ, ಅದು ಅನ್ಯಾಯವಾಗುತ್ತದೆ. ಅಲ್ಲಿ ಬ್ರ್ಯಾಕೆಟ್ ಹಾಕುವುದು ಬರೆಯುವವರ ಸಾಲ.

ಇದಕ್ಕೆ ಎದುರುವಾದ ಇದೆ, ನನ್ನ ಮಾರ್ಗದರ್ಶಕರೇ ಅದನ್ನು ಹೇಳಿದರು. "ಎಡಗಡೆ ಗಾಡಿ ಓಡಿಸುವುದೂ ಬರೀ ರೂಢಿಯೇ, ಬಲಗಡೆ ಓಡಿಸಿದರೂ ಆಗುತ್ತಿತ್ತು. ಹಾಗಂತ ನನ್ನೂರಿನ ರೂಢಿ ಬಲಗಡೆ ಅಂತ ಹೇಳಿ ಗುದ್ದಿದರೆ ಬಿಡ್ತಾರೇನ್ರಿ?" ಡೇವಿಡ್ ಲೂಯಿಸ್ 1969ರಲ್ಲಿ ರೂಢಿಯ ಬಗ್ಗೆ ಬರೆದ ಪುಸ್ತಕದಲ್ಲೂ ರಸ್ತೆಯ ಉದಾಹರಣೆಯಿದೆ: ಯಾವುದಾದರೂ ಒಂದು ಸಾಕು, ಆದರೆ ಎಲ್ಲರೂ ಅದನ್ನೇ ಹಿಡಿಯಬೇಕು, ಎಲ್ಲರೂ ಹಿಡಿಯುತ್ತಾರೆಂದು ಎಲ್ಲರಿಗೂ ಗೊತ್ತಿರಬೇಕು. ನಾನು ಕೊನೆಯ ಭಾಗವನ್ನು ಹಿಡಿದುಕೊಂಡೆ. ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಎಡದಿಂದ ಬಲಕ್ಕೆ ಬದಲಾಯಿಸಿತು. ಅದಕ್ಕೆ ಮೊದಲು ದೇಶಕ್ಕೆಲ್ಲ ತಿಂಗಳುಗಟ್ಟಲೆ ಸಾರಿ ಹೇಳಿದ್ದರು, ಬೋರ್ಡುಗಳನ್ನು ಬದಲಾಯಿಸಿದ್ದರು. ನನ್ನ ಪ್ರಶ್ನೆಪತ್ರಿಕೆಯ ಮೊದಲ ಪುಟದ ಸೂಚನೆಗಳಲ್ಲಿ ನೀಲಿ ಇಲ್ಲವೇ ಕಪ್ಪು ಪೆನ್ನು ಬಳಸಿ ಎಂದಿತ್ತು, ಮೊಬೈಲು ತರಬೇಡಿ ಎಂದಿತ್ತು. ಯಾವ ಕಡೆ ಓಡಿಸಬೇಕು ಎಂದು ಇರಲಿಲ್ಲ.

ಮಾರ್ಗದರ್ಶಕರು ನಕ್ಕು, "ಇದನ್ನ ಮೂರನೇ ಅಧ್ಯಾಯಕ್ಕೆ ಹಾಕಿ" ಅಂದರು. ಹಾಕಿಲ್ಲ.

ಇದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ್ದರೆ? ಈ ಯೋಚನೆ ಬಂದದ್ದು ರಾತ್ರಿ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವಾಗ. 'ನಾಲ್ಕನ್ನು ಮೂರರಿಂದ ಗುಣಿಸಿ, ಬಂದದ್ದರಿಂದ ಇಪ್ಪತ್ತನಾಲ್ಕನ್ನು ಭಾಗಿಸಿ.' ಅಥವಾ, 'ಇಪ್ಪತ್ತನಾಲ್ಕನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಮೂರರಿಂದ ಗುಣಿಸಿ.' ಎರಡೂ ಬೇರೆಬೇರೆ ವಾಕ್ಯಗಳು, ಒಂದು ಬ್ರ್ಯಾಕೆಟ್ಟೂ ಬೇಕಿಲ್ಲ. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾವುದನ್ನು, ಯಾವುದರಿಂದ ಎಂದು ವಿಭಕ್ತಿ ಮೊದಲೇ ಹೇಳಿಬಿಟ್ಟಿರುತ್ತದೆ. 'ಗುಣಿಸಿ' ಎಂದ ಮೇಲೆ ಮುಂದಿನದು ಅದಾದ ಮೇಲಿನದು. ಪೋಲೆಂಡಿನ ಲುಕಾಸೀವಿಚ್ 1920ರ ದಶಕದಲ್ಲಿ ಚಿಹ್ನೆಯನ್ನು ಎರಡು ಪದಗಳ ನಡುವೆ ಇಡದೆ ಮುಂದೆ ಇಟ್ಟರೆ ಬ್ರ್ಯಾಕೆಟ್ ಬೇಕಾಗುವುದೇ ಇಲ್ಲ ಎಂದು ತೋರಿಸಿದ. ಅದನ್ನು ತಿರುಗಿಸಿ ಚಿಹ್ನೆಯನ್ನು ಕೊನೆಗೆ ಇಟ್ಟು 1972ರ ಎಚ್‌ಪಿ-35 ಕ್ಯಾಲ್ಕ್ಯುಲೇಟರ್ ಕೆಲಸ ಮಾಡುತ್ತಿತ್ತು. ನಮ್ಮಜ್ಜಿ ಹಾಲಿನ ಲೆಕ್ಕ ಹೇಳುತ್ತಿದ್ದದ್ದೂ ಅದೇ ಕ್ರಮದಲ್ಲಿ. ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ಸಂಸ್ಕೃತ ಪದ್ಯದಲ್ಲೂ, 12ನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೂ ಬರೆದಾಗ ಲೆಕ್ಕದ ಕ್ರಮ ಮಾತಿನಲ್ಲೇ ಇರುತ್ತಿತ್ತು. ಹಾಗೆಂದು ಮಾತೇ ಮೇಲು, ಚಿಹ್ನೆ ಕೀಳು ಎಂದು ಹೊರಡುವಂತಿಲ್ಲ. ಮಾತಿನಲ್ಲಿ ವರ್ಗಸಮೀಕರಣ ಬಿಡಿಸಿ ನೋಡಿದವರಿಗೆ ಗೊತ್ತು ಅದರ ಪಾಡು. ಚಿಹ್ನೆ ಜಾಗ ಉಳಿಸುತ್ತದೆ, ಹೊತ್ತು ಉಳಿಸುತ್ತದೆ. ಉಳಿಸಿದ್ದರ ಬೆಲೆಯನ್ನು ಯಾರಾದರೂ ಕೊಡಬೇಕಾಗುತ್ತದೆ. ನನಗೆ ಉಳಿದದ್ದು ಎರಡು ಕಂಸದ ಗುರುತು, ಕೊಟ್ಟವಳು ಬೇರೆ.

ಸಂಸ್ಥೆಯ ವ್ಯವಸ್ಥಾಪಕರ ಬಳಿ ಹೋದೆ. ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ಪೂರ್ತಿ ಕೇಳಿ, "ಹಂಗಾದ್ರ ಖರೇ ಉತ್ತರ ಯಾವ್ದು ಮೇಡಂ? ಒಂದ್ ಹೇಳ್ರಿ" ಅಂದರು. ಎರಡೂ ಎಂದರೆ ಅವರಿಗೆ ಅರ್ಥವಾಗಲಿಲ್ಲ. ಎರಡೂ ಅಲ್ಲ, ಪ್ರಶ್ನೆಯೇ ಸರಿಯಿಲ್ಲ ಎಂದೆ. ಆಗ ಅವರು ಪಟ್ಟಿ ತೆಗೆದು ನನ್ನ ಮುಂದಿಟ್ಟರು. ನಲವತ್ತನೆಯ ಸೀಟು ಸಿಕ್ಕಿದ್ದು ಗದಗ ಕಡೆಯ ಒಬ್ಬ ಹುಡುಗನಿಗೆ, 71 ಅಂಕ. ಅವನು 18 ಎಂದು ಬರೆದಿದ್ದ. ಎರಡೂ ಉತ್ತರಕ್ಕೆ ಅಂಕ ಕೊಟ್ಟರೆ ಹುಡುಗಿಯದು 71 ಆಗಿ ಇಬ್ಬರೂ ಸಮ. ಪ್ರಶ್ನೆಯನ್ನೇ ತೆಗೆದುಹಾಕಿದರೆ ಅವನದು 70ಕ್ಕೆ ಇಳಿದು ಆಗಲೂ ಸಮ. ಸಮ ಬಂದರೆ ವಯಸ್ಸಿನಲ್ಲಿ ದೊಡ್ಡವರಿಗೆ ಸೀಟು ಎಂದು ಮೊದಲೇ ಪ್ರಕಟಿಸಿದ್ದರು. ಅವಳು ಅವನಿಗಿಂತ ಏಳು ತಿಂಗಳು ದೊಡ್ಡವಳು. ಹುಡುಗ ಆಗಲೇ ಟ್ರಂಕು ತಂದು, ಸಪ್ತಾಪುರದಲ್ಲಿ ರೂಮು ಹಿಡಿದು, ಎರಡು ಕ್ಲಾಸು ಕೇಳಿದ್ದ.

"ಅವಂಗ ಏನಂತ ಹೇಳೂದ್ರಿ?" ಅಂದರು ವ್ಯವಸ್ಥಾಪಕರು.

ನಾನು ಯಾವುದನ್ನು ತತ್ತ್ವದ ಪ್ರಶ್ನೆ ಎಂದುಕೊಂಡು ಬಂದಿದ್ದೆನೋ ಅದು ಅಲ್ಲಿ ಮುಗಿದು ಇನ್ನೊಂದು ಶುರುವಾಗಿತ್ತು. ಪ್ರಶ್ನೆಗೆ ಎರಡರ್ಥ ಇದೆ ಎಂಬುದು ನಿಜವೇ. ಆದರೆ ಅವನೂ ಕಲಿತ ನಿಯಮದ ಪ್ರಕಾರ ಸರಿಯಾಗಿಯೇ ಬರೆದಿದ್ದ. ನನ್ನ ತಪ್ಪನ್ನು ತಿದ್ದುವ ಖರ್ಚು ಅವನ ತಲೆಗೆ ಹೋಗುತ್ತಿತ್ತು. ತಿದ್ದದಿದ್ದರೆ ಅವಳ ತಲೆಗೆ. ನನ್ನ ತಲೆಗೆ ಬರುವ ದಾರಿಯೇ ಕಾಣಲಿಲ್ಲ. ನಲವತ್ತೊಂದನೆಯ ಸೀಟು ಕೊಡಿ, ಅವಳ ಶುಲ್ಕಕ್ಕೆ ನನ್ನ ಸಂಬಳ ಹಿಡಿದುಕೊಳ್ಳಿ ಎಂದೆ. ಹಾಗೆ ಒಬ್ಬರಿಗೆ ಕೊಟ್ಟರೆ 70 ಅಂಕದ ಉಳಿದ ಏಳು ಮಂದಿ ಬರುತ್ತಾರೆ, ಅವರಲ್ಲೂ ಮೂವರು 2 ಎಂದೇ ಬರೆದಿದ್ದಾರೆ ಎಂದು ತೋರಿಸಿದರು. ಆ ಮೂವರು ನನ್ನ ಬಾಗಿಲಿಗೆ ಬಂದಿರಲಿಲ್ಲ. ಬರಲಿಲ್ಲವೆಂಬ ಕಾರಣಕ್ಕೆ ಅವರನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಫಲಿತಾಂಶ ಹಾಗೇ ಉಳಿಯಿತು. ಮುಂದಿನ ಬ್ಯಾಚಿನ ಪರೀಕ್ಷೆಗೆ ಆ ನಾಲ್ವರಿಂದ ಅರ್ಜಿ ಶುಲ್ಕ ತೆಗೆದುಕೊಳ್ಳುವುದಿಲ್ಲ ಎಂದು ವ್ಯವಸ್ಥಾಪಕರು ಬರೆದುಕೊಟ್ಟರು. ಅರ್ಜಿ ಶುಲ್ಕ ನೂರು ರೂಪಾಯಿ.

ಈಗಲೂ ಪ್ರಶ್ನೆಪತ್ರಿಕೆ ತೆಗೆಯುತ್ತೇನೆ. ತೆಗೆದದ್ದನ್ನು ಹಾಸ್ಟೆಲಿನ ಕಿರಿಯ ಹುಡುಗಿಯರಿಬ್ಬರಿಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ, ಲೆಕ್ಕವನ್ನೂ ಕನ್ನಡದಲ್ಲಿ ಬಿಡಿಸಿ ಓದಬೇಕು. ಇಬ್ಬರೂ ಒಂದೇ ರೀತಿ ಓದದ ಕಡೆ ಬ್ರ್ಯಾಕೆಟ್ ಹಾಕುತ್ತೇನೆ. ನನಗೆ ಸ್ಪಷ್ಟವಾಗಿದೆ ಎನಿಸಿದ ಎಷ್ಟೋ ಕಡೆ ಅವರು ಎಡವುತ್ತಾರೆ. 'ರಾಮನ ತಂದೆಯ ತಂಗಿಯ ಒಬ್ಬಳೇ ಮಗಳು' ಎಂಬಂಥ ರಕ್ತಸಂಬಂಧದ ಪ್ರಶ್ನೆಗಳಲ್ಲೂ.

ಎರಡು ದಿನ ಬಿಟ್ಟು ಹುಡುಗಿ ಬಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನಿನ್ನ ಉತ್ತರವೂ ತಪ್ಪಲ್ಲ, ಪ್ರಶ್ನೆ ಬರೆದದ್ದು ನನ್ನ ತಪ್ಪು, ಆದರೆ ಸೀಟು ಕೊಡಿಸಲಾಗಲಿಲ್ಲ. ಗದಗಿನ ಹುಡುಗನ ವಿಷಯವನ್ನೂ ಹೇಳಿದೆ. ಹೇಳಬಾರದಿತ್ತೇನೋ. "ಇರ್ಲಿ ಬಿಡ್ರಿ ಮೇಡಂ, ಅವ್ನೂ ಪಾಪ ಬಂದಾನಲ್ರಿ" ಅಂದಳು. ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು.

"ಮುಂದಿನ ತಿಂಗ್ಳು ಬ್ಯಾರೆ ಒಂದ್ ಪರೀಕ್ಷೆ ಐತ್ರಿ. ಅದ್ರಾಗ ಇಂಥಾದ ಬಂದ್ರ ಯಾವ್ದು ಬರೀಲ್ರಿ?"

ಇಡೀ ಎರಡು ದಿನ ಓದಿದ್ದರಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ. ಕೀಲಿ ತೆಗೆಯುವವರು ಎಲ್ಲ ಕಡೆ ನನ್ನಂಥವರೇ. ಅವರು ಯಾವುದನ್ನು ಸರಿ ಎಂದು ಬರೆದಿರುತ್ತಾರೆ ಎಂದು ನನಗೆ ಗೊತ್ತಿತ್ತು. ನನಗೆ ಸರಿ ಎನಿಸಿದ್ದನ್ನು ಹೇಳಿದರೆ ಅವಳಿಗೆ ಇನ್ನೊಂದು ಅಂಕ ಹೋಗುತ್ತಿತ್ತು.

"ಹದಿನೆಂಟು ಬರಿ" ಅಂದೆ.

ತಲೆಯಾಡಿಸಿ ನೋಟ್‌ಬುಕ್ಕು ತೆಗೆದಳು. ಲೆಕ್ಕ ಬರೆದು ಮುಂದೆ 18 ಎಂದು ಹಾಕಿ ಗುಂಡಗೆ ಸುತ್ತಿದಳು. ಅದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, 24 ÷ 4ಕ್ಷ ಎಂದು ಬರೆದು, ಅದರ ಮುಂದೆ 2 ಹಾಕಿ, ಪುಸ್ತಕ ಮುಚ್ಚಿಕೊಂಡು ಹೋದಳು.